ಕಾಲೇಜಿನ ಮೂರು ದಿನದ ಚಿತ್ರೋತ್ಸವಕ್ಕೆ ಸಿನಿಮಾ, ಮಾತುಕತೆ ಹೇಗೆ ಜೋಡಿಸೋದು?

ಮೇಡಂ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಗದಗದ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಮೂರು ದಿನದ ಚಿತ್ರೋತ್ಸವದ ಹೊಣೆ ನಿಮ್ಮ ತಲೆ ಮೇಲೆ ಬಂದಿದೆ, ಎಲ್ಲ ಥರದ ಸಿನಿಮಾ ಇರಬೇಕು, ಮಾತುಕತೆಯೂ ಇರಬೇಕು, 'ಹತ್ತು ಒಳ್ಳೆ ಸಿನಿಮಾಗಳ ಪಟ್ಟಿ ಕೊಡಿ' ಅಂತ ಕೇಳಿದ್ದೀರಿ. ನಾನು ಧಾರವಾಡದವನು. ನಾವು ಕೆಲವು ಗೆಳೆಯರು ಸೇರಿ 11 ವರ್ಷದಿಂದ ತಿಂಗಳಿಗೊಂದು ಸಿನಿಮಾ ತೋರಿಸುತ್ತಿದ್ದೇವೆ. ಹುಬ್ಬಳ್ಳಿ, ಹಾವೇರಿ ಕಡೆಯ ಕಾಲೇಜುಗಳಲ್ಲೂ ನಾಲ್ಕೈದು ಸಲ ಇಂಥ ಉತ್ಸವ ಮಾಡಿದ್ದೇವೆ. ಆ ಅನುಭವದಿಂದ ಹೇಳುತ್ತೇನೆ: ಹತ್ತು ಬೇಡ, ಐದು ಸಾಕು. ಯಾವ ಸಿನಿಮಾದ ಪಕ್ಕ ಯಾವ ಸಿನಿಮಾ ಇಡುತ್ತೀರಿ, ಯಾವುದು ಮುಗಿದ ಮೇಲೆ ಯಾರನ್ನು ಮಾತಿಗೆ ಕರೆಯುತ್ತೀರಿ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಿ.

ಇದನ್ನು ನಾವು ಕಲಿತದ್ದು ಪೆಟ್ಟು ತಿಂದು. ಒಂದು ಕಾಲೇಜಿನಲ್ಲಿ ಮೊದಲ ದಿನವೇ ಮೂರು ಗಂಭೀರ ಚಿತ್ರ ಸಾಲಾಗಿ ಇಟ್ಟಿದ್ದೆವು. ಮೂರೂ ಒಳ್ಳೆಯವೇ. ಮೂರರಲ್ಲೂ ಬಡತನ, ಸಾವು. ಬೆಳಿಗ್ಗೆ ಸಭಾಂಗಣ ತುಂಬಿತ್ತು. ಉದ್ಘಾಟನೆಗೆ ಬಂದವರು 50 ನಿಮಿಷ ಮಾತಾಡಿ ಮೊದಲ ಚಿತ್ರದ ಕತೆಯನ್ನು ಕೊನೆಯವರೆಗೂ ಹೇಳಿಬಿಟ್ಟರು. ಮೂರನೇ ಚಿತ್ರಕ್ಕೆ ಉಳಿದವರು 19 ಮಂದಿ. ನಾನೇ ಎಣಿಸಿದ್ದೆ. ಹುಡುಗರಿಗೆ ಆಸಕ್ತಿ ಇಲ್ಲ ಅಂತ ಅವತ್ತು ಅಲ್ಲಿಯವರು ಬೇಜಾರು ಮಾಡಿಕೊಂಡರು. ಹುಡುಗರ ತಪ್ಪು ಏನೂ ಇರಲಿಲ್ಲ. ಬಡಿಸಿದ ಕ್ರಮವೇ ತಪ್ಪಾಗಿತ್ತು.

ಈಗ ನಿಮ್ಮ ಮೂರು ದಿನಕ್ಕೆ ಬರೋಣ. ಮೊದಲು ಬಸ್ಸಿನ ಸಮಯ ನೋಡಿಕೊಳ್ಳಿ. ಮುಂಡರಗಿ, ನರೇಗಲ್, ಶಿರಹಟ್ಟಿ ಕಡೆಯಿಂದ ಬರುವ ಮಕ್ಕಳು ಸಂಜೆ ಐದರ ಮೇಲೆ ಕೂರುವುದಿಲ್ಲ, ಅದರಲ್ಲೂ ಹುಡುಗಿಯರು. ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿ ನಾಲ್ಕೂವರೆಗೆ ಮುಗಿಸಿ.

ಮೊದಲ ದಿನ ಒಂದು ಕಿರುಚಿತ್ರದಿಂದ ಶುರುವಾಗಲಿ. ಚಿದಾನಂದ ಎಸ್. ನಾಯ್ಕ್ ಅವರ 'ಸೂರ್ಯಕಾಂತಿ ಹೂಗೆ ಮೊದಲು ಗೊತ್ತಾಗಿದ್ದು'. 16 ನಿಮಿಷದ್ದು. ಮುದುಕಿಯೊಬ್ಬಳು ಹುಂಜ ಕದ್ದುಕೊಂಡು ಹೋಗುತ್ತಾಳೆ, ಊರಲ್ಲಿ ಬೆಳಗೇ ಆಗುವುದಿಲ್ಲ. ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಕತೆಯ ಥರವೇ ಇದೆ. ಪುಣೆಯ ಸಿನಿಮಾ ಕಲಿಸುವ ಸಂಸ್ಥೆ ಎಫ್‌ಟಿಐಐನಲ್ಲಿ ಓದುವಾಗ ಮಾಡಿದ ಈ ಚಿತ್ರಕ್ಕೆ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ವಿದ್ಯಾರ್ಥಿ ಮಾಡಿದ ಚಿತ್ರ ಅಂತ ತೋರಿಸುವ ಮೊದಲು ಒಂದೇ ಮಾತು ಹೇಳಿ, ಸಾಕು. ನಿಮ್ಮ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ಅದಾದ ಮೇಲೆ ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ'. 1990ರ ಚಿತ್ರ. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾಗಿ ಮಾಡಿದ್ದಾರೆ, ಸಂಗೀತ ಸಿ. ಅಶ್ವತ್ಥ್ ಅವರದು. ಶಿಶುನಾಳ ಅಲ್ಲೇ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ, ಲಕ್ಷ್ಮೇಶ್ವರ ದಾಟಿದರೆ ದೂರ ಏನಿಲ್ಲ. ಈ ಚಿತ್ರಕ್ಕೆ ಭಾಷಣ ಮಾತ್ರ ಇಡಬೇಡಿ. ಆ ಕಡೆ ಹಳ್ಳಿಗಳಲ್ಲಿ ತತ್ವಪದ ಹಾಡುವವರು ಈಗಲೂ ಇದ್ದಾರೆ. ಇಬ್ಬರನ್ನು ಕರೆಸಿ, ಮೂರು ಪದ ಹಾಡಲಿ. ಸಿನಿಮಾದಲ್ಲಿ ಕೇಳಿದ ಹಾಡಿಗೂ ಇವರು ಹಾಡುವ ಧಾಟಿಗೂ ಏನು ವ್ಯತ್ಯಾಸ ಅಂತ ಮಕ್ಕಳನ್ನೇ ಕೇಳಿ. ಸಿನಿಮಾ ಸಂಗೀತದ ಬಗ್ಗೆ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ.

ಎರಡನೇ ದಿನದ ಜೋಡಿ ನನಗೆ ತುಂಬಾ ಇಷ್ಟವಾದದ್ದು. ಬೆಳಿಗ್ಗೆ ಇರಾನಿನ ಅಬ್ಬಾಸ್ ಕಿಯರೋಸ್ತಮಿ 1987ರಲ್ಲಿ ಮಾಡಿದ 'ಗೆಳೆಯನ ಮನೆ ಎಲ್ಲಿ?'. ಒಬ್ಬ ಹುಡುಗ ತಪ್ಪಿ ಗೆಳೆಯನ ನೋಟ್‌ಬುಕ್ ಮನೆಗೆ ತಂದುಬಿಟ್ಟಿದ್ದಾನೆ. ನಾಳೆ ನೋಟ್‌ಬುಕ್‌ನಲ್ಲಿ ಮನೆಗೆಲಸ ಬರೆದು ತರದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಗೆ ಹಾಕುತ್ತಾರೆ. ಅದಕ್ಕೇ ಇವನು ಪಕ್ಕದ ಊರಿಗೆ ಓಡುತ್ತಾನೆ. ಅಷ್ಟೇ ಕತೆ. ತಾಯಿಗೆ ಎಷ್ಟು ಸಲ ಹೇಳಿದರೂ ಅವಳ ಕಿವಿಗೆ ಬೀಳುವುದಿಲ್ಲ, 'ಮೊದಲು ಅಭ್ಯಾಸ ಮಾಡು' ಅನ್ನುತ್ತಾಳೆ, ಮಗು ತೂಗು ಅನ್ನುತ್ತಾಳೆ. ಹಾವೇರಿ ಕಡೆಯ ಒಂದು ಕಾಲೇಜಿನಲ್ಲಿ ಇದನ್ನು ತೋರಿಸಿದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ 'ನಮ್ಮವ್ವನೂ ಹಿಂಗ' ಅಂದ. ಇಡೀ ಸಭಾಂಗಣ ನಕ್ಕಿತು. ಆಮೇಲೆ ಯಾರೂ ಅಲುಗಾಡಲಿಲ್ಲ.

ಮಧ್ಯಾಹ್ನ ಗಿರೀಶ ಕಾಸರವಳ್ಳಿ ಅವರ 'ಘಟಶ್ರಾದ್ಧ', 1977. ಅನಂತಮೂರ್ತಿಯವರ ಕತೆ. ಕಾಸರವಳ್ಳಿ ಅವರ ಮೊದಲ ಚಿತ್ರಕ್ಕೇ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು. ಇಲ್ಲಿ ವೇದ ಕಲಿಯಲು ಬಂದ ನಾಣಿ ಅನ್ನೋ ಪುಟ್ಟ ಹುಡುಗ, ಗುರುಗಳ ವಿಧವೆ ಮಗಳು ಯಮುನಕ್ಕನಿಗೆ ಆಗುತ್ತಿರುವುದನ್ನು ಸುಮ್ನೆ ನೋಡುತ್ತಾ ನಿಲ್ಲುತ್ತಾನೆ. ಅವನಿಗೆ ಏನೂ ಮಾಡಲು ಆಗುವುದಿಲ್ಲ. ಬೆಳಿಗ್ಗೆ ನೋಡಿದ ಹುಡುಗ ಓಡಿದ, ಈ ಹುಡುಗ ನಿಂತ. ಎರಡರಲ್ಲೂ ದೊಡ್ಡವರು ಮಕ್ಕಳ ಮಾತು ಕೇಳುವುದಿಲ್ಲ. 'ಘಟಶ್ರಾದ್ಧ' ಒಂದನ್ನೇ ತೋರಿಸಿದಾಗ ಮಕ್ಕಳು ಜಾತಿ, ಸಂಪ್ರದಾಯ ಅಂತ ಪಠ್ಯದ ಉತ್ತರ ಕೊಡುತ್ತಾರೆ. ಇರಾನಿನ ಚಿತ್ರದ ಬೆನ್ನಿಗೆ ತೋರಿಸಿದರೆ ನಾಣಿಯ ಬಗ್ಗೆ ಮಾತಾಡುತ್ತಾರೆ. ನಾನು ಎರಡೂ ರೀತಿ ಮಾಡಿ ನೋಡಿದ್ದೇನೆ. ಹಳೆಯ ಚಿತ್ರಗಳನ್ನು ಕಾಪಾಡುವ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಸರಿಪಡಿಸಿದ ಈ ಚಿತ್ರದ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನವಾಯಿತು. ಅವರಿಗೆ ಒಂದು ಪತ್ರ ಬರೆದು ಆ ಪ್ರತಿಗೆ ಪ್ರಯತ್ನ ಮಾಡಿ. ಮಾಸಿದ ಪ್ರತಿಯಲ್ಲಿ ರಾತ್ರಿಯ ದೃಶ್ಯಗಳು ಬರೀ ಕಪ್ಪಾಗಿ ಕಾಣುತ್ತವೆ.

ಆ ದಿನ ಹೊರಗಿನಿಂದ ಭಾಷಣಕಾರರು ಬೇಡವೇ ಬೇಡ. ಎರಡು ಚಿತ್ರದ ನಡುವೆ ಊಟ, ಕೊನೆಗೆ ಚಹಾ, ಗಿರ್ಮಿಟ್. ಅಲ್ಲೇ ಮಾತು ಶುರುವಾಗುತ್ತದೆ. ನೀವು ಕಿವಿ ಕೊಟ್ಟು ಕೇಳಿ, ಆಮೇಲೆ ಒಳಗೆ ಕೂರಿಸಿ ಆ ಮಾತನ್ನೇ ಮುಂದುವರಿಸಿ. 'ಕೊನೆಯಲ್ಲಿ ಏನು ಸಂದೇಶ?' ಅಂತ ದಯವಿಟ್ಟು ಕೇಳಬೇಡಿ. 'ಯಾವ ದೃಶ್ಯ ಕಣ್ಣಲ್ಲಿ ನಿಂತಿದೆ?' ಅಂತ ಕೇಳಿ.

ಹಳ್ಳಿ ಮಕ್ಕಳಿಗೆ ಇರಾನಿನ ಸಿನಿಮಾ ಅರ್ಥವಾಗುತ್ತದಾ ಅಂತ ನಿಮ್ಮ ಸಹೋದ್ಯೋಗಿಗಳು ಕೇಳಿಯೇ ಕೇಳುತ್ತಾರೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಅವರ ನಾಟಕ ಸಂಸ್ಥೆ ನೀನಾಸಂನವರು 1973ರಲ್ಲೇ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದರು. ಜನ ನೋಡಿದರು. ಕಷ್ಟ ಇರುವುದು ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ. ಅದನ್ನು ಓದುವಷ್ಟರಲ್ಲಿ ಚಿತ್ರ ಮುಂದೆ ಹೋಗಿರುತ್ತದೆ. ನಾವು ಸಬ್‌ಟೈಟಲ್ ಫೈಲ್ ಅನ್ನು ನಾಲ್ಕು ವಿದ್ಯಾರ್ಥಿಗಳಿಗೆ ಹಂಚಿ ಕನ್ನಡಕ್ಕೆ ಮಾಡಿಸಿದೆವು. 'ಸಬ್‌ಟೈಟಲ್ ಎಡಿಟ್' ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಹತ್ತು ದಿನದ ಕೆಲಸ. ಒಂದು ಸಾಲಿಗೆ ಮೂರು ಗಂಟೆ ಜಗಳ ಆಗಿದ್ದೂ ಇದೆ. ಆ ನಾಲ್ವರು ಆ ಚಿತ್ರವನ್ನು ನೋಡಿದಷ್ಟು ಚೆನ್ನಾಗಿ ನಾನೂ ನೋಡಿಲ್ಲ.

ಮೂರನೇ ದಿನಕ್ಕೆ ಬಸ್ಟರ್ ಕೀಟನ್ನನ 'ಶೆರ್ಲಾಕ್ ಜೂನಿಯರ್'. 1924ರ ಮೂಕಿ ಚಿತ್ರ, ಸುಮಾರು 45 ನಿಮಿಷ. ಟಾಕೀಸಿನ ಆಪರೇಟರ್ ಒಬ್ಬ ಪ್ರೊಜೆಕ್ಟರ್ ಮಷಿನ್ ಪಕ್ಕ ನಿದ್ದೆ ಹೋಗುತ್ತಾನೆ, ಕನಸಿನಲ್ಲಿ ಎದ್ದು ನಡೆದು ಪರದೆಯೊಳಗೇ ಹೋಗಿಬಿಡುತ್ತಾನೆ. ನಕ್ಕು ನಕ್ಕು ಸಾಕಾಗುತ್ತದೆ. ಈಗ ಸಿಗುವ ಡಿಸ್ಕ್‌ಗಳಲ್ಲಿ ಇರುವ ಸಂಗೀತ ಆಮೇಲೆ ಸೇರಿಸಿದ್ದು. ಆ ದನಿ ಬಂದ್ ಮಾಡಿ. ಮೂಕಿ ಕಾಲದಲ್ಲಿ ನಮ್ಮ ದೇಶದಲ್ಲಿ ಪರದೆ ಪಕ್ಕ ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ನುಡಿಸುತ್ತಿದ್ದರು. ಹಾಗೇ ಮಾಡಿ. ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ ಇರುವ ಊರು ನಿಮ್ಮದು, ಹಾರ್ಮೋನಿಯಂ ನುಡಿಸುವವರಿಗೆ ಬರವೇ?

ಆ ಚಿತ್ರದ ಬೆನ್ನಿಗೆ ನಿಮ್ಮ ಊರಿನ ನಿವೃತ್ತ ಆಪರೇಟರ್ ಒಬ್ಬರನ್ನು ಕರೆಯಿರಿ. ಮುಚ್ಚಿದ ಟಾಕೀಸುಗಳ ಸುತ್ತಮುತ್ತ ವಿಚಾರಿಸಿದರೆ ಖಂಡಿತ ಸಿಗುತ್ತಾರೆ. ಹುಬ್ಬಳ್ಳಿಯಲ್ಲಿ ನಮಗೆ ಸಿಕ್ಕ ಹಿರಿಯರು 30 ವರ್ಷ ಮಷಿನ್ ರೂಮಿನಲ್ಲಿ ಇದ್ದವರು. ಮೊದಲು ಬರಲು ಒಪ್ಪಲೇ ಇಲ್ಲ. 'ನಾನೇನು ಭಾಷಣ ಮಾಡ್ಲಿರಿ' ಅಂದರು. ಬಂದ ದಿನ ಕೈಚೀಲದಿಂದ ಪೇಪರಿನಲ್ಲಿ ಸುತ್ತಿದ, ಹಳೆಯ ಪ್ರೊಜೆಕ್ಟರಿನಲ್ಲಿ ಬೆಳಕಿಗೆ ಹಾಕುತ್ತಿದ್ದ ಎರಡು ಕಾರ್ಬನ್ ಕಡ್ಡಿ, ಒಂದು ತುಂಡು ಫಿಲ್ಮ್ ತೆಗೆದರು. ಮುಂದಿನ ಸಾಲಿನ ಹುಡುಗಿಯನ್ನು ಕರೆದು, ಹೂವು ಅಳೆಯುವ ಹಾಗೆ ಫಿಲ್ಮನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದರು. 'ಒಂದು ಮೊಳ ಆತು. ಇದರಾಗ ಎಷ್ಟು ಚಿತ್ರ ಅದಾವ, ಎಣಸವಾ' ಅಂದರು. ಅವಳು ಟ್ಯೂಬ್‌ಲೈಟಿಗೆ ಹಿಡಿದು ಎಣಿಸಿದಳು. ಇಪ್ಪತ್ತನಾಲ್ಕು. 'ಅಷ್ಟೂ ನೀವು ಒಂದು ಸೆಕೆಂಡಿನ್ಯಾಗ ನೋಡಿ ಮುಗಿಸ್ತೀರಿ' ಅಂದರು. ಹೌದು, 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಚೌಕ, ಒಂದೂವರೆ ಅಡಿಗೆ 24. ಈ ಲೆಕ್ಕವನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಮೊಳದಲ್ಲಿ ಯಾವತ್ತೂ ಯೋಚಿಸಿರಲಿಲ್ಲ.

ಆಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು. ಎರಡು ಕಡ್ಡಿಗಳ ತುದಿ ಹತ್ತಿರ ತಂದರೆ ನಡುವೆ ಕರೆಂಟ್ ಹಾರಿ ಬೆಳಕು ಬರುತ್ತದೆ, ಕಡ್ಡಿ ಉರಿದು ಸವೆಯುತ್ತದೆ, ಅಂತರ ಸರಿ ಮಾಡುತ್ತಲೇ ಇರಬೇಕು, ಕಣ್ಣು ತಪ್ಪಿದರೆ ಪರದೆ ಮಬ್ಬಾಗುತ್ತದೆ. 2000 ಅಡಿಯ ರೀಲು 22 ನಿಮಿಷಕ್ಕೆ ಮುಗಿಯುತ್ತದೆ. ಮುಗಿಯುವ ಮೊದಲು ಪರದೆಯ ಬಲ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಬರುತ್ತದೆ. ಅದನ್ನು ನೋಡಿ ಎರಡನೇ ಮಷಿನ್ ಶುರು ಮಾಡಬೇಕು. ಇನ್ನೊಂದು ಚುಕ್ಕೆ ಬಂದ ತಕ್ಷಣ ಬದಲಿಸಬೇಕು. ಸಾವಿರಾರು ಸಲ ಸಿನಿಮಾ ತೋರಿಸಿದ್ದರೂ ರೀಲಿನ ಕೊನೆ ಬಂದಾಗ ಅವರು ಕತೆ ನೋಡಿದ್ದೇ ಇಲ್ಲವಂತೆ, ಮೂಲೆ ಮಾತ್ರ ನೋಡಿದ್ದಂತೆ. ಮುಂದಿನ ತಿಂಗಳು ಹಳೆಯ ಚಿತ್ರವೊಂದನ್ನು ತೋರಿಸುವಾಗ ಮೂಲೆಯಲ್ಲಿ ಚುಕ್ಕೆ ಕಂಡ ಕೂಡಲೇ ನಮ್ಮ ಹುಡುಗರೆಲ್ಲ ಒಟ್ಟಿಗೆ ಹಿಂದೆ ತಿರುಗಿ ನೋಡಿದರು.

ಅದೇ ಮಧ್ಯಾಹ್ನ ನಿಮ್ಮ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಮಾಡಿದ ಚಿತ್ರಗಳಿಗೆ ಒಂದು ಗಂಟೆ ಇಡಿ. ಒಂದೊಂದು ಚಿತ್ರವೂ ಐದು ನಿಮಿಷ ಮೀರಬಾರದು. ಬಹುಮಾನ ಬೇಡ.

ಹಕ್ಕಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಾಲೇಜಿನ ಚಟುವಟಿಕೆಯಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು, ಕಾಲೇಜಿನ ಚಟುವಟಿಕೆಗಳಿಗೆ ಸಂಬಂಧಪಟ್ಟವರಿಗೆ ಮಾತ್ರ ಸಿನಿಮಾ ತೋರಿಸಲು ಅವಕಾಶ ಇದೆ. ಊರಿನವರನ್ನೂ ಕರೆಯುತ್ತೀರಿ ಅಂದರೆ ಹಕ್ಕುದಾರರ ಅನುಮತಿ ಬೇಕು. ಹೇಗೂ ಒಂದು ಪತ್ರ ಬರೆದು ತಿಳಿಸುವುದು ಒಳ್ಳೆಯದು. ಕಿರುಚಿತ್ರಕ್ಕೆ ಪುಣೆಯ ಸಂಸ್ಥೆಗೇ ಬರೆಯಿರಿ.

ಇನ್ನು ಸಭಾಂಗಣ. ಕಿಟಕಿಗಳಿಗೆ ದಪ್ಪ ಕಪ್ಪು ಬಟ್ಟೆ ಹೊಡೆಸಿ, ನಮ್ಮ ಕಡೆ ಬಿಸಿಲು ಗೊತ್ತಲ್ಲ. ಸ್ಪೀಕರ್ ಪರದೆಯ ಎರಡೂ ಪಕ್ಕ ಇರಲಿ. ಹಿಂದೆ ಇಟ್ಟರೆ ಮಾತು ಬೆನ್ನಿನಿಂದ ಬರುತ್ತದೆ. ಹಿಂದಿನ ದಿನ ಪ್ರತಿ ಚಿತ್ರವನ್ನೂ ಅದೇ ಲ್ಯಾಪ್‌ಟಾಪಿನಲ್ಲಿ, ಕನ್ನಡ ಸಬ್‌ಟೈಟಲ್ ಸಮೇತ ಕೊನೆಯವರೆಗೂ ಓಡಿಸಿ ನೋಡಿ. ಅಕ್ಷರ ಒಡೆದು ಚೌಕ ಚೌಕ ಕಾಣುವುದು ಗೊತ್ತಾಗುವುದೇ ಆಗ. ಹಾರ್ಮೋನಿಯಂ, ತಬಲಾದವರನ್ನೂ ಅವತ್ತೇ ಕರೆದು ಕೀಟನ್ನನ ಚಿತ್ರವನ್ನು ಎರಡು ಸಲ ತೋರಿಸಿ. ಮೊದಲ ಸಲ ಅವರು ಬರೀ ನಗುತ್ತಾರೆ, ಎರಡನೇ ಸಲ ಕೈ ಹಾರ್ಮೋನಿಯಂ ಮನೆಗಳ ಮೇಲೆ ಹೋಗುತ್ತದೆ.