ಹೇಳಿದೆ ಅಂದರೆ ಸಾಲದು, ತಂಗಿ

ಜಮಖಂಡಿಯ ಹುಡುಗಿಯೊಬ್ಬಳು ನನಗೆ ಮೆಸೇಜ್ ಮಾಡಿದ್ದಾಳೆ. ಈಗ ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ವೈದ್ಯಕೀಯ ಕೆಲಸದವರ ಇಂಗ್ಲಿಷ್ ಪರೀಕ್ಷೆ ಒಇಟಿ ಪಾಸಾಗಿದೆ, ಇಂಗ್ಲೆಂಡಿನ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ) ಆಸ್ಪತ್ರೆಯಿಂದ ಆಫರ್ ಬಂದಿದೆ. ಅವಳ ಪ್ರಶ್ನೆಗಳು ಇವು: "ಅಕ್ಕಾ, ಅಲ್ಲಿ ನರ್ಸ್ ಡಾಕ್ಟರಿಗೆ ಎದುರು ಮಾತಾಡಬಹುದಂತ, ಖರೇನ? ಥಂಡಿ ಹೆಂಗ? ಜೋಳದ ಹಿಟ್ಟು ಸಿಗ್ತದೇನು? ಏಜೆಂಟ್ ರೊಕ್ಕ ಕೇಳಾಕತ್ತಾನ, ಕೊಡಬೇಕೇನು? ತಿಂಗಳಿಗೆ ಎಷ್ಟು ಉಳೀತದ?"

ನಾನು ಇಂಗ್ಲೆಂಡಿನಲ್ಲೇ ನರ್ಸ್, ಇದನ್ನೇ ಕೇಳುವವರು ಬಹಳ ಮಂದಿ ಇದ್ದಾರೆ. ಅದಕ್ಕೆ ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ತಂಗಿ, ಮೊದಲು ಏಜೆಂಟ್ ವಿಷಯ. ಒಂದು ರೂಪಾಯಿನೂ ಕೊಡಬೇಡ. ಕೆಲಸ ಕೊಡಿಸಲು ನರ್ಸ್ ಕಡೆಯಿಂದ ಫೀ ತೆಗೆದುಕೊಳ್ಳಬಾರದು ಅಂತ ಇಲ್ಲಿನ ಸರ್ಕಾರದ ನೇಮಕಾತಿ ನಿಯಮವೇ ಇದೆ. ಏಜೆಂಟನಿಗೆ ಕೊಡುವುದು ಆಸ್ಪತ್ರೆ. ಆದರೆ ಕರಾರು ಪತ್ರ ಪೂರ್ತಿ ಓದು. ಬೇಗ ಕೆಲಸ ಬಿಟ್ಟರೆ ಎಷ್ಟು ವಾಪಸ್ ಕೊಡಬೇಕು ಅಂತ ಅದರಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ. ಮನೆಯವರು "ಎಲ್ಲಾ ಸರಿ ಇರ್ತದ, ಸಹಿ ಮಾಡು" ಅಂದರೂ ಓದಿಯೇ ಸಹಿ ಮಾಡು.

ಥಂಡಿ ಇದೆ, ಸ್ವೆಟರ್ ಇಲ್ಲೇ ಕೊಂಡುಕೋ. ಥಂಡಿಗಿಂತ ಜಾಸ್ತಿ ಕಾಡೋದು ಕತ್ತಲೆ. ನಾನು ಬಂದದ್ದು ನವೆಂಬರಿನಲ್ಲಿ, ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತಿತ್ತು. ವಿಜಯಪುರದ ಬಿಸಿಲನ್ನು ಬೈದುಕೊಂಡೇ ಬೆಳೆದವಳು ನಾನು. ಜೋಳದ ಹಿಟ್ಟು ಗುಜರಾತಿ ಅಂಗಡಿಗಳಲ್ಲಿ ಸಿಗುತ್ತದೆ, ಪ್ಯಾಕೆಟ್ ಮೇಲೆ ಜುವಾರ್ ಅಂತ ಇರುತ್ತದೆ. ಹಿಟ್ಟು ಹಳೆಯದಾಗಿದ್ದರೆ ಜಿಗಟು ಇರುವುದಿಲ್ಲ, ರೊಟ್ಟಿ ಬಡಿಯುವಾಗಲೇ ಒಡೆಯುತ್ತದೆ. ಬರುವಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಸಿಕೊಂಡು ಬಾ. ಉಳಿತಾಯ ಎಷ್ಟು ಅನ್ನೋದು ಊರು ನೋಡಿ, ಬಾಡಿಗೆ ನೋಡಿ. ಪೌಂಡನ್ನು ರೂಪಾಯಿಗೆ ಗುಣಿಸಿ ಖುಷಿಪಡಬೇಡ, ಖರ್ಚೂ ಪೌಂಡಿನಲ್ಲೇ.

ಈಗ ನೀನು ಮೊದಲು ಕೇಳಿದ್ದಕ್ಕೆ ಬರುತ್ತೇನೆ.

ನಾನು ವಾರ್ಡಿಗೆ ಹೋದ ಹೊಸದರಲ್ಲಿ ಒಬ್ಬ ಕನ್ಸಲ್ಟೆಂಟ್, ಅಂದರೆ ಹಿರಿಯ ಡಾಕ್ಟರ್, ಒಳಗೆ ಬಂದರು. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ. ಜಿಎನ್‌ಎಂ ನರ್ಸಿಂಗ್ ಕೋರ್ಸಿನ ಮೊದಲ ವರ್ಷದಿಂದ ಮೈಗೆ ಹತ್ತಿದ ರೂಢಿ ಅದು, ನಿನಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಯಾರೂ ಏಳಲಿಲ್ಲ. ಅವರು ಥ್ಯಾಂಕ್ಸ್ ಹೇಳಿ ನನ್ನ ಕುರ್ಚಿಯಲ್ಲೇ ಕೂತುಬಿಟ್ಟರು. ನಾನು ಕುರ್ಚಿ ಬಿಟ್ಟುಕೊಟ್ಟೆ ಅಂತ ತಿಳಿದಿರಬೇಕು.

ಎದ್ದು ನಿಲ್ಲೋದು ಬೇಗ ಬಿಟ್ಟುಹೋಯಿತು. ಬಾಯಿ ಮುಚ್ಚಿಕೊಂಡಿರೋ ರೂಢಿ ಬಿಡಲು ತಡವಾಯಿತು.

ಇಲ್ಲಿ ದೊಡ್ಡವರ ವಾರ್ಡಿನಲ್ಲಿ ಪ್ರತಿ ರೋಗಿಗೂ, ಸ್ಥಿತಿ ಎಷ್ಟು ಕೆಡುತ್ತಿದೆ ಅಂತ ತೋರಿಸುವ ನ್ಯೂಸ್2 ಅನ್ನೋ ಒಂದು ಸ್ಕೋರ್ ಹಾಕಬೇಕು. 2012ರಲ್ಲಿ ಇಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ತಂದದ್ದು, 2017ರಲ್ಲಿ ತಿದ್ದಿದರು. ಉಸಿರು, ಆಕ್ಸಿಜನ್ ಮಟ್ಟ, ಆಕ್ಸಿಜನ್ ಕೊಡುತ್ತಿದ್ದೀವಾ ಇಲ್ಲವಾ, ಬಿಪಿ, ನಾಡಿ, ಎಚ್ಚರ, ಜ್ವರ. ಒಂದೊಂದಕ್ಕೂ ಅಂಕ. ಕೂಡಿಸಿದಾಗ 5 ಬಂದರೆ ಡಾಕ್ಟರ್ ಬೇಗ ಬಂದು ನೋಡಬೇಕು, 7 ಬಂದರೆ ತುರ್ತು. ಆ ಸ್ಕೋರ್ ಹಾಕುವವಳು ನೀನು. ಅಂದರೆ ರಾತ್ರಿ ಎರಡಕ್ಕೆ ಡ್ಯೂಟಿಯಲ್ಲಿರುವ ಡಾಕ್ಟರ್, ರಿಜಿಸ್ಟ್ರಾರ್‌ನನ್ನು ಎಬ್ಬಿಸುವ ಹಕ್ಕು ನಿನ್ನ ಕೈಯಲ್ಲಿದೆ. ಅದು ಹಕ್ಕಷ್ಟೇ ಅಲ್ಲ, ಕೆಲಸವೂ ಹೌದು. "ಡಾಕ್ಟರ್ ಹೇಳಿದ್ರು, ಮಾಡಿದೆ" ಅನ್ನೋ ಉತ್ತರ ಇಲ್ಲಿ ನಡೆಯೋದಿಲ್ಲ. ನರ್ಸ್‌ಗಳಿಗೆ ನೋಂದಣಿ ಕೊಡುವ ಇಲ್ಲಿನ ಮಂಡಳಿ ಎನ್‌ಎಂಸಿ ಎದುರು ನಿನ್ನ ಕೆಲಸಕ್ಕೆ ನೀನೇ ಜವಾಬ್ದಾರಿ. ಡೋಸ್ ಜಾಸ್ತಿ ಅನ್ನಿಸಿದರೆ ಕೊಡಬೇಡ, ಕೇಳು.

ಫೋನ್ ಮಾಡುವಾಗ ಎಸ್‌ಬಿಎಆರ್ ಅಂತ ನಾಲ್ಕು ಹೆಜ್ಜೆ ಕಲಿಸುತ್ತಾರೆ. ಈಗ ಏನಾಗುತ್ತಿದೆ, ಹಿಂದೆ ಏನಿತ್ತು, ನನಗೆ ಏನು ಅನ್ನಿಸುತ್ತದೆ, ಏನು ಆಗಬೇಕು. ಮೊದಲ ಎರಡು ನಮ್ಮವರು ಚೆನ್ನಾಗಿ ಹೇಳುತ್ತಾರೆ. ಮೂರನೆಯದಕ್ಕೆ ದನಿ ಇಳಿಯುತ್ತದೆ. ನಾಲ್ಕನೆಯದು ಬಾಯಿಂದ ಹೊರಡುವುದೇ ಇಲ್ಲ. ನಮ್ಮ ಕಡೆ ಬಿಪಿ ಎಷ್ಟು, ನಾಡಿ ಎಷ್ಟು ಹೇಳಿ ಸುಮ್ಮನಾಗುತ್ತೇವೆ. ಮುಂದಿನದು ಸರ್ ಹೇಳಬೇಕು. ಇಲ್ಲಿ "ಹತ್ತು ನಿಮಿಷದಲ್ಲಿ ನೀವು ಬಂದು ನೋಡಬೇಕು" ಅಂತ ನರ್ಸ್ ಹೇಳಬೇಕು. ಬರಲಿಲ್ಲವೆಂದರೆ ಅವರ ಮೇಲಿನವರಿಗೆ ಹೇಳಬೇಕು, ಟೈಮ್ ಸಮೇತ ಬರೆದಿಡಬೇಕು. ಹೊಸದರಲ್ಲಿ ಒಂದು ರಾತ್ರಿ ನಮ್ಮ ಇನ್‌ಚಾರ್ಜ್, ಫಿಲಿಪೀನ್ಸ್ ಹೆಂಗಸು, ರೋಗಿ ಬಗ್ಗೆ ಕೇಳಿದರು. "ಡಾಕ್ಟರಿಗೆ ಹೇಳಿದ್ದೀನಿ" ಅಂದೆ. "ಹೇಳಿದೆ, ಸರಿ. ಬಂದರಾ?" ಅಂದರು. ಆ ಮಾತು ಇವತ್ತಿಗೂ ಪ್ರತಿ ಶಿಫ್ಟಿನಲ್ಲಿ ನೆನಪಾಗುತ್ತದೆ.

ಎದುರು ಮಾತಾಡೋದು ಅಂದರೆ ಜಗಳ ಅಲ್ಲ, ತಂಗಿ. ಇಲ್ಲಿಯೂ ಸಿಡುಕುವ ಡಾಕ್ಟರ್‌ಗಳಿದ್ದಾರೆ, "ಹೊರದೇಶದ ನರ್ಸ್ ಬೇಡ" ಅನ್ನುವ ರೋಗಿಗಳೂ ಇದ್ದಾರೆ. ಆದರೆ ನೀನು ಹೇಳಿದ್ದು ಎಲ್ಲೋ ದಾಖಲಾಗುತ್ತದೆ. ಸ್ಟ್ಯಾಫರ್ಡ್ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಕೆಟ್ಟುಹೋಗಿತ್ತು. ಅದರ ವಿಚಾರಣಾ ವರದಿ 2013ರಲ್ಲಿ ಬಂತು. ಬಾಯಿ ಬಿಟ್ಟ ಸಿಬ್ಬಂದಿಗೆ ಏನಾಗುತ್ತದೆ ಅಂತ 2015ರಲ್ಲಿ ಇನ್ನೊಂದು ವರದಿ. ಅದರ ನಂತರ ಇಂಗ್ಲೆಂಡಿನ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ಇಂಥ ದೂರು ಕೇಳಲೆಂದೇ ಫ್ರೀಡಮ್ ಟು ಸ್ಪೀಕ್ ಅಪ್ ಗಾರ್ಡಿಯನ್ ಅಂತ ಒಬ್ಬರನ್ನು ಇಟ್ಟರು. ಮೊದಲು ವಾರ್ಡ್ ಮ್ಯಾನೇಜರ್ ಹತ್ತಿರ ಹೋಗು. ಆಗದಿದ್ದರೆ ಇವರ ಹತ್ತಿರ. ಯೂನಿಯನ್ ಸೇರೋದನ್ನು ಮರೆಯಬೇಡ. 2022ರ ಡಿಸೆಂಬರಿನಲ್ಲಿ ಇಲ್ಲಿನ ನರ್ಸ್‌ಗಳ ಸಂಘ ಆರ್‌ಸಿಎನ್ ಸಂಬಳಕ್ಕಾಗಿ ಮುಷ್ಕರ ಹೂಡಿತು, ಇಂಗ್ಲೆಂಡಿನಲ್ಲಿ ಆ ಸಂಘದ ಮೊದಲ ಮುಷ್ಕರ ಅದು. ಟಿವಿಯಲ್ಲಿ ನೋಡಿದ ಅವ್ವ ಫೋನ್ ಮಾಡಿ, "ನರ್ಸ್‌ಗೋಳು ರಸ್ತ್ಯಾಗ ನಿಂತ್ರ ಪೇಶಂಟ್ ಯಾರು ನೋಡ್ತಾರ?" ಅಂತ ನನ್ನನ್ನೇ ದಬಾಯಿಸಿದಳು.

ಅದೇ ಅವ್ವ ಆಮೇಲೆ ಒಂದು ವರ್ಷ ನ್ಯುಮೋನಿಯಾ ಆಗಿ ನಮ್ಮ ಕಡೆಯ ಒಂದು ಆಸ್ಪತ್ರೆ ಸೇರಿದಳು. ನಾನು ಓಡಿ ಬಂದೆ. ಚಾರ್ಟಿನಲ್ಲಿ ಉಸಿರಾಟ ಪ್ರತಿ ಸಾಲಿನಲ್ಲೂ 20. ಯಾಕೆ 20 ಅಂತ ನಿನಗೂ ಗೊತ್ತು, ನನಗೂ ಗೊತ್ತು, ಯಾರೂ ಎಣಿಸಿರಲಿಲ್ಲ. ಸಂಜೆ ಡ್ಯೂಟಿಗೆ ಒಬ್ಬ ಸಣ್ಣ ಹುಡುಗಿ ಬಂದಳು. ವಾಚ್ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದಳು. 28. ನ್ಯೂಸ್2 ಪ್ರಕಾರ ಅದೊಂದಕ್ಕೇ 3 ಅಂಕ. ಅವಳಿಗೆ ಆ ಸ್ಕೋರ್ ಗೊತ್ತಿರಲಿಲ್ಲ, ಆದರೆ ಅವ್ವನ ಸ್ಥಿತಿ ಚಲೋ ಇಲ್ಲ ಅಂತ ಗೊತ್ತಾಗಿತ್ತು. ನನ್ನ ಹತ್ತಿರ ಬಂದು ಮೆಲ್ಲಗೆ, "ಅಕ್ಕಾರ, ಸರ್ರಿಗೆ ನೀವ ಹೇಳ್ರಿ. ನಾ ಹೇಳಿದ್ರ ನಿನಗೇನ ಗೊತ್ತು ಅಂತಾರ" ಅಂದಳು.

ನಾನು ಹೋಗಿ ಹೇಳಿದೆ. ಇಂಗ್ಲೆಂಡಿನಲ್ಲಿ ನರ್ಸ್ ಇದ್ದೀನಿ ಅಂತಲೂ ಹೇಳಿದೆ. ಡಾಕ್ಟರ್ ತಕ್ಷಣ ಬಂದರು, ಅವ್ವನನ್ನು ಐಸಿಯುಗೆ ಹಾಕಿದರು. ಮರುದಿನ "ಚಲೋ ಟೈಮಿಗೆ ಹಿಡಿದ್ರಿ ಮೇಡಂ" ಅಂದರು. ಹಿಡಿದದ್ದು ನಿಮ್ಮ ಸಿಸ್ಟರ್ ಅಂದೆ. "ಹೌದೇನು" ಅಂದು ಮುಂದಿನ ಬೆಡ್‌ಗೆ ಹೋದರು. ಆ ಹುಡುಗಿ ಟ್ರಾಲಿ ಹತ್ತಿರವೇ ನಿಂತಿದ್ದಳು.

ಅವ್ವ ಈಗ ಆರಾಮ ಇದ್ದಾಳೆ. ನನಗೆ ಮಾತ್ರ ಆ ಸಂಜೆ ಮನಸ್ಸಿನಿಂದ ಹೋಗಿಲ್ಲ. ಆ ಹುಡುಗಿಗೂ ನನಗೂ ಓದು ಒಂದೇ. ಸಲೈನ್ ಹಚ್ಚುವ ಕ್ಯಾನುಲಾ ಹಾಕುವುದರಲ್ಲಿ ಅವಳ ಕೈ ಇಲ್ಲಿನ ಎಷ್ಟೋ ಮಂದಿಗಿಂತ ಚುರುಕು. (ನೀನು ಇಲ್ಲಿ ಬಂದ ಮೇಲೆ ಕ್ಯಾನುಲಾ ಹಾಕಲು ಟ್ರೈನಿಂಗ್ ಮಾಡಿ ಸಹಿ ಹಾಕಿಸಿಕೊಳ್ಳಬೇಕು ಅಂತಾರೆ. ಸಿಟ್ಟು ಬರುತ್ತದೆ, ನುಂಗಿಕೋ.) ಅವಳ ಮಾತಿಗೆ ಇಲ್ಲದ ತೂಕ ನನ್ನ ಮಾತಿಗೆ ಬಂದದ್ದು ನಾನು ಊರು ಬಿಟ್ಟದ್ದಕ್ಕೆ. ಇಲ್ಲಿ ಕಲಿತದ್ದನ್ನು ಹೊತ್ತುಕೊಂಡು ವಾಪಸ್ ಹೋಗಬೇಕಿತ್ತಾ ಅಂತ ಆಗಾಗ ಅನ್ನಿಸುತ್ತದೆ. ಮಕ್ಕಳ ಸ್ಕೂಲು, ಮನೆ ಸಾಲ, ಕಾರಣಗಳಿಗೇನು ಬರ.

ಇನ್ನೊಂದು ಮಾತು. ರೋಗಿಗಾಗಿ ಬಾಯಿ ಬಿಡೋದನ್ನು ಇಲ್ಲಿನವರೇ ಕಲಿಸುತ್ತಾರೆ. ನಿನಗಾಗಿ ಬಾಯಿ ಬಿಡೋದನ್ನು ಯಾರೂ ಕಲಿಸೋದಿಲ್ಲ. ಓಎಸ್‌ಸಿಇ ಪ್ರಾಯೋಗಿಕ ಪರೀಕ್ಷೆಯ 10 ಸ್ಟೇಷನ್ ಮುಗಿಸಿ, ಪಿನ್ ಅನ್ನೋ ನೋಂದಣಿ ನಂಬರ್ ಬಂದ ಮೇಲೆ ಸಂಬಳದ ಶ್ರೇಣಿ ಬ್ಯಾಂಡ್ 5ಕ್ಕೆ ಹಾಕುತ್ತಾರೆ. ಬೆಳಗಾವಿಯಲ್ಲಿ ಮಾಡಿದ ವರ್ಷಗಳ ಅನುಭವವನ್ನು ಸಂಬಳಕ್ಕೆ ಹಿಡಿಯುತ್ತೀರಾ ಅಂತ ಸೇರುವ ಮೊದಲೇ ಇಮೇಲ್‌ನಲ್ಲಿ ಕೇಳು. ಅನುಭವ ಪತ್ರದಲ್ಲಿ ವಾರ್ಡ್ ಹೆಸರು, ತಾರೀಖು ಎಲ್ಲಾ ಬರೆಸಿಕೊಂಡು ಬಾ. ಬ್ಯಾಂಡ್ 6 ಖಾಲಿ ಬಿದ್ದಾಗ ದೊಡ್ಡವರು ನೋಡಿ ಕರೆಯುತ್ತಾರೆ ಅಂತ ಕಾಯಬೇಡ. ನಮ್ಮ ಕಡೆಯವರೆಲ್ಲ ಹಾಗೆ ಕಾಯುತ್ತಾರೆ, ಅವರಿಂದ ಕೆಲಸ ಕಲಿತವರು ಅರ್ಜಿ ಹಾಕಿ ಅವರ ಮೇಲೆ ಹೋಗುತ್ತಾರೆ. ನಾನೂ ಕಾದವಳೇ. ನನ್ನ ಬಗ್ಗೆ ನಾನೇ ಹೊಗಳಿಕೊಂಡು ಬರೆಯೋದು ನಾಚಿಕೆ ಅನ್ನಿಸುತ್ತಿತ್ತು.

ರಜೆಯದೂ ಅದೇ ಕಥೆ. ಮೊದಲ ವರ್ಷ 27 ದಿನ, ಬ್ಯಾಂಕ್ ಹಾಲಿಡೇ ಬೇರೆ. ಆದರೆ ಡಿಸೆಂಬರ್, ಜನವರಿಗೆ ಎಲ್ಲರೂ ಮುಗಿಬೀಳುತ್ತಾರೆ. ನಿನಗೆ ಸಂಕ್ರಾಂತಿಗೆ ಊರು ಬೇಕೋ ಏನೋ. ನನಗಂತೂ ಸಿದ್ಧೇಶ್ವರ ಜಾತ್ರೆ ಬಿಟ್ಟರೆ ವರ್ಷ ಸರಿ ಹೋಗೋದಿಲ್ಲ. ಹೋಳಿ ಹುಣ್ಣಿಮೆ ಮುಗಿಯುತ್ತಿದ್ದಂತೆ ಮುಂದಿನ ಜನವರಿಯ ಅರ್ಜಿ ಹಾಕಿಬಿಡುತ್ತೇನೆ. ಮ್ಯಾನೇಜರ್ ನಗುತ್ತಾರೆ, ಆದರೆ ಕೊಡುತ್ತಾರೆ. ನೀನೂ ಬೇಗ ಹಾಕು. ಬರುವ ತಾರೀಖು ಗಟ್ಟಿಯಾದಾಗ ತಿಳಿಸು, ಮತ್ತೆ ಆ ಕರಾರು ಪತ್ರದ ಫೋಟೋ ನನಗೂ ಕಳಿಸು, ಒಂದು ಸಲ ನೋಡುತ್ತೇನೆ.