ನ್ಯೂಟ್ರಲ್‌ನಲ್ಲಿ ಸರಿಯಾಗಿರೋ ಬೋಟ್ ಎಂಜಿನ್ ಲೋಡ್ ಬಿದ್ರೆ ಯಾಕೆ ಪವರ್ ಕಳ್ಕೊಳ್ಳುತ್ತೆ?

ನೀವು ಬರ್ದಿರೋದು ಇಷ್ಟು: 40 ಎಚ್‌ಪಿ, 3 ಸಿಲಿಂಡರ್, ಕಾರ್ಬ್ಯುರೇಟರ್ ಇರೋ ಟೂ ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗಡೆ ಕೂರಿಸೋ ಎಂಜಿನ್). ಸ್ಟಾರ್ಟ್ ಚೆನ್ನಾಗಾಗುತ್ತೆ, ನ್ಯೂಟ್ರಲ್‌ನಲ್ಲಿ ತೊಂದ್ರೆ ಇಲ್ಲ, ಫುಲ್ ಥ್ರಾಟಲ್ ಕೊಟ್ರೆ ಒಂದೆರಡು ನಿಮಿಷ ಜೋರಾಗಿ ಎಳೆದು ಆಮೇಲೆ ಉಸಿರು ಕಟ್ಟಿದಂಗೆ ಆರ್‌ಪಿಎಂ ಬಿದ್ದೋಗುತ್ತೆ, ಥ್ರಾಟಲ್ ಇಳಿಸಿ ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸರಿ. ಹೊಸ ಪ್ಲಗ್ ಹಾಕಿದ್ರೂ ಅದೇ ಕಥೆ, ಮೆಕ್ಯಾನಿಕ್ ಎಂಜಿನ್ ಬಿಚ್ಚೋಣ ಅಂತಿದಾರೆ.

ಸದ್ಯಕ್ಕೆ ಬಿಚ್ಚೋಕೆ ಬಿಡಬೇಡಿ. ನಾನು ಔಟ್‌ಬೋರ್ಡ್ ರಿಪೇರಿ ಕೆಲಸದಲ್ಲೇ ಇರೋನು, ನೀವು ಹೇಳಿರೋದ್ರಲ್ಲಿ ನನಗೆ ಮುಖ್ಯ ಅನ್ಸಿದ್ದು "ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸರಿ" ಅನ್ನೋ ಒಂದು ಮಾತು. ಸವೆದಿರೋ ಪಿಸ್ಟನ್ ರಿಂಗ್ ಸ್ವಲ್ಪ ಹೊತ್ತು ರೆಸ್ಟ್ ಕೊಟ್ಟ ತಕ್ಷಣ ಸರಿಹೋಗಲ್ಲ. ಹೋಗಿ ಬಂದು ಮಾಡೋ ತೊಂದ್ರೆ ಬಹುಪಾಲು ಪೆಟ್ರೋಲ್ ಸಾಲದೇ ಬರೋದು. ಐಡಲ್‌ನಲ್ಲಿ ಈ ಸೈಜಿನ ಎಂಜಿನ್ ಕುಡಿಯೋದು ತೀರಾ ಕಮ್ಮಿ, ಫುಲ್ ಥ್ರಾಟಲ್‌ನಲ್ಲಿ ಗಂಟೆಗೆ 15 ಲೀಟರ್ ಆದ್ರೂ ಬೇಕು. ಲೈನ್ ಅರ್ಧ ಕಟ್ಟಿಕೊಂಡಿದ್ರೂ ನ್ಯೂಟ್ರಲ್‌ನಲ್ಲಿ ಗೊತ್ತೇ ಆಗಲ್ಲ. ಜೋರಾಗಿ ಹೋಗುವಾಗ ಮೊದಲು ಕಾರ್ಬ್ಯುರೇಟರ್ ಬೌಲ್‌ನಲ್ಲಿ, ಅಂದ್ರೆ ಪೆಟ್ರೋಲ್ ನಿಂತಿರೋ ಪುಟ್ಟ ಬಟ್ಟಲಲ್ಲಿ, ತುಂಬಿರೋದು ಖರ್ಚಾಗುತ್ತೆ, ಹಿಂದಿಂದ ಅಷ್ಟೇ ವೇಗದಲ್ಲಿ ಬರದೇ ಇದ್ರೆ ಬೌಲ್ ಖಾಲಿ ಆಗುತ್ತೆ, ಎಂಜಿನ್ ಕುಸಿಯುತ್ತೆ, ನೀವು ಥ್ರಾಟಲ್ ಇಳಿಸ್ತೀರಿ, ಬೌಲ್ ನಿಧಾನಕ್ಕೆ ಮತ್ತೆ ತುಂಬುತ್ತೆ.

ಟೆಸ್ಟ್ ನೀರಲ್ಲೇ ಆಗ್ಬೇಕು. ದಡದಲ್ಲಿ ಪೈಪ್ ನೀರು ಕೊಟ್ಟು ರೇಸ್ ಮಾಡಿದ್ರೆ ಲೋಡೇ ಇರಲ್ಲ, ಏನೂ ಗೊತ್ತಾಗಲ್ಲ, ಜೊತೆಗೆ ಎಂಜಿನ್ನಿಗೂ ಡೇಂಜರ್. ಇಬ್ಬರು ಹೋಗಿ, ಓಡಿಸೋರು ಕಿಲ್ ಸ್ವಿಚ್ ದಾರ (ಎಳೆದ್ರೆ ಎಂಜಿನ್ ನಿಲ್ಲಿಸೋದು) ಕಟ್ಕೊಳ್ಳಲಿ, ಇನ್ನೊಬ್ಬರು ಫ್ಯೂಯೆಲ್ ಲೈನಿನ ಪ್ರೈಮರ್ ಬಲ್ಬ್ (ಪೆಟ್ರೋಲ್ ತಳ್ಳೋಕೆ ಕೈಯಲ್ಲಿ ಒತ್ತೋ ರಬ್ಬರ್ ಉಂಡೆ) ಹಿಡ್ಕೊಂಡು ಕೂತ್ಕೊಳ್ಳಲಿ. ಫುಲ್ ಥ್ರಾಟಲ್ ಕೊಟ್ಟು ಆರ್‌ಪಿಎಂ ಬೀಳೋ ತನಕ ಕಾಯಿರಿ, ಬಿದ್ದ ಕ್ಷಣದಲ್ಲಿ ಬಲ್ಬ್ ಮುಟ್ಟಿ ನೋಡಿ, ಆಮೇಲೆ ಪಂಪ್ ಮಾಡಿ.

ಬಲ್ಬ್ ಒಳಗೆ ಎಳ್ಕೊಂಡು ಚಪ್ಪಟೆ ಆಗಿದ್ರೆ ಟ್ಯಾಂಕಿಂದ ಬಲ್ಬ್ ತನಕ ಎಲ್ಲೋ ಬ್ಲಾಕ್ ಇದೆ. ಮೊದಲು ಟ್ಯಾಂಕಿನ ಗಾಳಿ ಕಿಂಡಿ ನೋಡಿ, ಮುಚ್ಚಳದ ವೆಂಟ್ ಸ್ಕ್ರೂ ಮುಚ್ಚಿದ್ರೆ ಟ್ಯಾಂಕ್ ಒಳಗೆ ವ್ಯಾಕ್ಯೂಮ್ ಆಗುತ್ತೆ, ಪೆಟ್ರೋಲ್ ಬರಲ್ಲ. ಮುಚ್ಚಳ ಸಡಿಲ ಮಾಡಿದಾಗ ಸುಂಯ್ ಅಂತ ಗಾಳಿ ಒಳಗೆ ಹೋದ ಸದ್ದು ಕೇಳಿ ಎಂಜಿನ್ ಚೇತರಿಸಿಕೊಂಡ್ರೆ ಅಲ್ಲಿಗೆ ಮುಗೀತು, ಒಂದು ಪೈಸೆ ಖರ್ಚಿಲ್ಲ. ಅದಲ್ಲ ಅಂದ್ರೆ ಟ್ಯಾಂಕ್ ಒಳಗಿನ ಪಿಕಪ್ ಪೈಪಿನ ಜಾಲರಿ, ಫಿಕ್ಸೆಡ್ ಟ್ಯಾಂಕ್ ಆದ್ರೆ ಹೊರಬರೋ ಜಾಗದಲ್ಲಿರೋ ಆಂಟಿ ಸೈಫನ್ ವಾಲ್ವ್ (ಪೆಟ್ರೋಲ್ ತಾನಾಗೇ ಹರಿದು ಹೋಗದಂಗೆ ತಡೆಯೋದು), ಇವು ನೋಡಿ.

ಬಲ್ಬ್ ಮೆತ್ತಗಿದ್ದು, ನೀವು ಪಂಪ್ ಮಾಡ್ತಿದ್ದಂಗೆ ಎಂಜಿನ್ ಜೀವ ಬಂದಂಗೆ ಎದ್ರೆ, ಎಂಜಿನ್ ಮೇಲಿರೋ ಫ್ಯೂಯೆಲ್ ಪಂಪ್ ಎಳೀತಿಲ್ಲ ಅಥವಾ ಎಲ್ಲೋ ಗಾಳಿ ಒಳಗೆ ಬರ್ತಿದೆ. ಪಂಪಿನ ಡಯಾಫ್ರಾಮ್ ತೆಳು ಹಾಳೆ, ಬಿಚ್ಚಿ ಬೆಳಕಿಗೆ ಹಿಡಿದ್ರೆ ಸೂಜಿ ಮೊನೆಯಷ್ಟು ತೂತು ಇದ್ರೂ ಕಾಣುತ್ತೆ, ಗಟ್ಟಿಯಾಗಿ ಸುಕ್ಕಾಗಿದ್ರೂ ಬದಲಾಯಿಸಿ. ಹೋಸ್ ಸಿಕ್ಕಿಸೋ ಕನೆಕ್ಟರಿನ ಓ ರಿಂಗ್ (ಒಳಗಿನ ರಬ್ಬರ್ ಉಂಗುರ) ಕೂಡ ನೋಡಿ. ಅಲ್ಲಿ ಪೆಟ್ರೋಲ್ ಹೊರಗೆ ಸೋರದೇ ಇದ್ರೂ ಗಾಳಿ ಎಳ್ಕೊಳ್ಳುತ್ತೆ, ಯಾಕಂದ್ರೆ ಓಡುವಾಗ ಆ ಲೈನ್ ಸಕ್ಷನ್ನಲ್ಲಿರುತ್ತೆ.

ಬಲ್ಬ್ ಕಲ್ಲಿನಂಗೆ ಗಟ್ಟಿ ಇದ್ದು, ಎಷ್ಟು ಒತ್ತಿದ್ರೂ ಎಂಜಿನ್ ಏಳಲಿಲ್ಲ ಅಂದ್ರೆ ಬ್ಲಾಕ್ ಅದರ ಮುಂದೆ, ಎಂಜಿನ್ ಕಡೆ: ಫಿಲ್ಟರ್, ಫ್ಲೋಟ್ ನೀಡಲ್ (ಬೌಲಿಗೆ ಪೆಟ್ರೋಲ್ ಬಿಡೋ ಸೂಜಿ ವಾಲ್ವ್), ಕಾರ್ಬ್ಯುರೇಟರಿನ ಮೇನ್ ಜೆಟ್ (ಜೋರಾಗಿ ಓಡುವಾಗ ಪೆಟ್ರೋಲ್ ಹೋಗೋ ಸಣ್ಣ ತೂತು). ಐಡಲ್ ಜೆಟ್ ಬೇರೆ ಮೇನ್ ಜೆಟ್ ಬೇರೆ, ಹಂಗಾಗಿ ಐಡಲ್ ನುಣ್ಣಗಿದೆ ಅಂತ ಕಾರ್ಬ್ಯುರೇಟರ್ ಕ್ಲೀನ್ ಇದೆ ಅನ್ಕೋಬೇಡಿ. ಆದ್ರೆ ಜೆಟ್ ಕಟ್ಟಿದ್ರೆ ಎರಡು ನಿಮಿಷ ಕಾಯಲ್ಲ, ಥ್ರಾಟಲ್ ಕೊಟ್ಟ ಕೂಡಲೇ ಮುಗ್ಗರಿಸುತ್ತೆ, ನಿಮ್ಮದು ಹಂಗಲ್ಲ.

ಫ್ಯೂಯೆಲ್ ಹೋಸ್ ಬಗ್ಗೆ ಒಂದು ಮಾತು. ಹಳೇ ಹೋಸಿನ ಒಳಪದರ ಬಿಟ್ಕೊಂಡು ಒಳಗೇ ನೇತಾಡ್ತಿರುತ್ತೆ, ಹೊರಗಿಂದ ನೋಡಿದ್ರೆ ಹೊಸದರಂಗೇ ಇರುತ್ತೆ. ಜೋರಾಗಿ ಎಳೆದಾಗ ಆ ಪದರ ಮಡಚಿ ದಾರಿ ಮುಚ್ಚುತ್ತೆ, ನಿಧಾನ ಆದಾಗ ತೆರೆಯುತ್ತೆ. ಊದಿ ನೋಡಿದ್ರೆ ಗೊತ್ತಾಗಲ್ಲ. ಅದಕ್ಕೇ ನಾನು ತಲೆ ಕೆಡಿಸ್ಕೊಳ್ಳದೆ ಬೇರೆ ಟ್ಯಾಂಕ್, ಬೇರೆ ಹೋಸ್, ಆಯಿಲ್ ಸರಿಯಾಗಿ ಬೆರೆಸಿದ ಹೊಸ ಪೆಟ್ರೋಲ್ ಹಾಕಿ ಓಡಿಸ್ತೀನಿ. ಸರಿ ಹೋದ್ರೆ ಎಂಜಿನ್ ನಿರಪರಾಧಿ. ಪೆಟ್ರೋಲಲ್ಲಿ ನೀರು ಸೇರಿದ್ರೂ ಇದ್ರಲ್ಲೇ ಸಿಕ್ಕಿಬೀಳುತ್ತೆ.

ಅಲ್ಲೀತನಕ ಫುಲ್ ಥ್ರಾಟಲ್‌ನಲ್ಲಿ ಎಳ್ಕೊಂಡು ತಿರುಗಬೇಡಿ ದಯವಿಟ್ಟು. ಪೆಟ್ರೋಲಲ್ಲೇ ಆಯಿಲ್ ಬೆರೆಸೋ ಎಂಜಿನ್ ಆದ್ರೆ ಪೆಟ್ರೋಲ್ ಕಮ್ಮಿ ಬಂತು ಅಂದ್ರೆ ಆಯಿಲ್ಲೂ ಕಮ್ಮಿ ಬಂತು ಅಂತಲೇ ಅರ್ಥ, ಪಿಸ್ಟನ್ ಸುಟ್ಟೋಗುತ್ತೆ, ಆಗ ಮೆಕ್ಯಾನಿಕ್ ಹೇಳಿದ್ದೇ ನಿಜ ಆಗುತ್ತೆ.

ಬಲ್ಬ್ ಟೆಸ್ಟಲ್ಲಿ ಏನೂ ಸಿಗಲಿಲ್ಲ ಅಂದ್ರೆ ಬೇರೆ ಕಡೆ ನೋಡೋಣ. ಎಂಜಿನ್ ಬಿಸಿ ಆಗಿ ತಾನೇ ಆರ್‌ಪಿಎಂ ಇಳಿಸ್ತಿರಬಹುದು, ಬಝರ್ ಕೂಗುತ್ತಾ, ಹಿಂದಿಂದ ಬರೋ ಕೂಲಿಂಗ್ ನೀರಿನ ಧಾರೆ ಜೋರಾಗಿದೆಯಾ ನೋಡಿ. ಇಗ್ನಿಷನ್ ಕಾಯಿಲ್ ಬಿಸಿ ಆದ್ಮೇಲೆ ಕೈ ಕೊಡೋದೂ ಇದೆ, ಆದ್ರೆ ಅದು ತಣ್ಣಗಾಗೋಕೆ ಹೆಚ್ಚು ಹೊತ್ತು ಬೇಕು. ಪವರ್ ಬಿದ್ದಾಗಲೇ ಎಂಜಿನ್ ನಿಲ್ಲಿಸಿ ಪ್ಲಗ್ ತೆಗೆದ್ರೆ ಒಂದು ಮಾತ್ರ ಒದ್ದೆ, ಮಿಕ್ಕಿದ್ದು ಕಂದು ಬಣ್ಣ ಅಂದ್ರೆ ಆ ಸಿಲಿಂಡರಿನ ಕಿಡಿ ಮೇಲೆ ಅನುಮಾನ ಪಡಿ. ಕಂಪ್ರೆಷನ್ ಗೇಜ್ ಹಾಕಿ ನೋಡೋದು ಹತ್ತು ನಿಮಿಷದ ಕೆಲಸ, ಮೂರೂ ಸಿಲಿಂಡರ್ ಒಂದಕ್ಕೊಂದು ಸುಮಾರು 10% ಒಳಗೇ ಇದ್ರೆ ಬಿಚ್ಚೋ ಮಾತೇ ಎತ್ತಬೇಡಿ.

ಇನ್ನೊಂದು, ಆರ್‌ಪಿಎಂ ನಿಜವಾಗ್ಲೂ ಬೀಳುತ್ತಾ ಅಂತ ಮೀಟರ್ ನೋಡಿ ಹೇಳಿ. ಬೋಟ್ ವೇಗ ಬಿದ್ದು ಎಂಜಿನ್ ಸದ್ದು ಮಾತ್ರ ಏರಿದ್ರೆ ಪ್ರೊಪೆಲ್ಲರ್ ಒಳಗಿನ ರಬ್ಬರ್ ಹಬ್ ಜಾರ್ತಿದೆ. ಹಬ್ಬಿನ ಒಳಭಾಗಕ್ಕೂ ಹೊರಭಾಗಕ್ಕೂ ಸೇರಿಸಿ ಪೇಂಟ್ ಮಾರ್ಕರಲ್ಲಿ ಒಂದು ನೇರ ಗೆರೆ ಎಳೆದು ಜೋರಾಗಿ ಓಡಿಸ್ಕೊಂಡು ಬನ್ನಿ, ಗೆರೆ ಎರಡು ತುಂಡಾಗಿ ಆ ಕಡೆ ಈ ಕಡೆ ಹೋಗಿದ್ರೆ ಹಬ್ ಹೋಗಿದೆ. ಬಲ್ಬ್ ಚಪ್ಪಟೆ ಆಗಿತ್ತಾ ಗಟ್ಟಿ ಇತ್ತಾ, ಬೀಳೋ ಮೊದಲು ಆರ್‌ಪಿಎಂ ಎಷ್ಟಿತ್ತು, ಎರಡೂ ಬರೀರಿ, ಮುಂದಿಂದು ನೋಡೋಣ.