ನಕ್ಷತ್ರ ಆರಲಿಲ್ಲವಾ? ಅದನ್ನೂ ಬರೆದಿಡಿ

ಪ್ರಶ್ನೆ: ನೆಪ್ಚೂನ್ ಆಚೆಯ ಕಾಯವೊಂದು ನಕ್ಷತ್ರಕ್ಕೆ ಅಡ್ಡ ಬರುತ್ತದೆ ಎಂಬ ಸೂಚನೆ ಇತ್ತು. ಎಂಟು ಇಂಚಿನ ಟೆಲಿಸ್ಕೋಪ್ ಇಟ್ಟು ರಾತ್ರಿ ಎರಡರವರೆಗೆ ಕಾದೆ. ನಕ್ಷತ್ರ ಆರಲೇ ಇಲ್ಲ. ವಿಡಿಯೊ ಅಳಿಸಿಬಿಟ್ಟೆ. ತಪ್ಪು ಲೆಕ್ಕದ್ದಾ, ಟೆಲಿಸ್ಕೋಪಿನದಾ? (ಓದುಗರು, ಮಂಡ್ಯ)

ಉತ್ತರ: ಎರಡರದ್ದೂ ಅಲ್ಲ. ತಪ್ಪು ವಿಡಿಯೊ ಅಳಿಸಿದ್ದು. ಎಷ್ಟು ಜನಕ್ಕೆ ಎಷ್ಟು ಸಲ ಇದನ್ನೇ ಹೇಳುವುದೋ!

ನಕ್ಷತ್ರದ ಬೆಳಕಿನಲ್ಲಿ ಭೂಮಿ ಮೇಲೆ ಬೀಳುವ ನೆರಳು ಕಾಯದಷ್ಟೇ ಅಗಲ. ನಕ್ಷತ್ರ ಆರುವುದು ಆ ನೆರಳಿನೊಳಗೆ ಇದ್ದವರಿಗೆ ಮಾತ್ರ. 100 ಕಿ.ಮೀ. ಕಾಯಕ್ಕೆ ಸುಮಾರು 100 ಕಿ.ಮೀ. ಪಟ್ಟಿ. ಕಾಯ ಇರುವುದು 600 ಕೋಟಿ ಕಿ.ಮೀ. ಆಚೆ. ಅದರ ಸ್ಥಾನದ ಲೆಕ್ಕ ಒಂದು ಆರ್ಕ್‌ಸೆಕೆಂಡಿನ (ಒಂದು ಡಿಗ್ರಿಯ 3,600ರಲ್ಲೊಂದು ಭಾಗ) ಸಾವಿರದಲ್ಲೊಂದು ಪಾಲು ತಪ್ಪಿದರೂ ಇಲ್ಲಿ ನೆರಳು 30 ಕಿ.ಮೀ.ಯಷ್ಟು ಸರಿಯುತ್ತದೆ. ಗಾಯಾ ಉಪಗ್ರಹ ನಕ್ಷತ್ರಗಳ ಸ್ಥಾನ ಅಳೆದುಕೊಟ್ಟ ಮೇಲೆ ನಕ್ಷತ್ರದ ಕಡೆಯ ತಪ್ಪು ತುಂಬ ಕಡಿಮೆಯಾಗಿದೆ. ಕಾಯದ ಕಕ್ಷೆಯ ತಪ್ಪು ಇನ್ನೂ ಇದೆ.

ಈಗ ನೋಡಿ. ಮೈಸೂರಿನಲ್ಲಿ ನಕ್ಷತ್ರ ಆರಿ, ಮಂಡ್ಯದಲ್ಲಿ ಆರದಿದ್ದರೆ, ನೆರಳಿನ ಅಂಚು ಈ ಎರಡೂರಿನ ನಡುವೆ ಎಲ್ಲೋ ಹಾದಿದೆ ಅಂತ ಅರ್ಥ. ಮಂಡ್ಯದವರು ಸುಮ್ನೆ ಮಲಗಿದರೆ ಆ ಅಂಚು ಎಲ್ಲಿ ಅಂತ ಹೇಳುವವರು ಯಾರು?

2017ರ ಜೂನ್ 3ರಂದು ಅರ್ಜೆಂಟೀನಾ, ದಕ್ಷಿಣ ಆಫ್ರಿಕಾಗಳಲ್ಲಿ ನೆಪ್ಚೂನ್ ಆಚೆಯ, ಈಗ ಅರೊಕೋತ್ ಅನ್ನುವ ಕಾಯದ ನೆರಳಿಗಾಗಿ ಸಾಲಾಗಿ ಟೆಲಿಸ್ಕೋಪ್ ಇಟ್ಟು ಕಾದ ತಂಡಗಳಿಗೆ ಒಂದಕ್ಕೂ ನಕ್ಷತ್ರ ಆರಿದ್ದು ಸಿಗಲಿಲ್ಲ. ಅವರು ಯಾರೂ ವಿಡಿಯೊ ಅಳಿಸಲಿಲ್ಲ. ಕಾಯ ಅಂದುಕೊಂಡದ್ದಕ್ಕಿಂತ ಚಿಕ್ಕದಿರಬಹುದು, ಒಂಟಿಯಲ್ಲದೆ ಜೋಡಿಯೂ ಇರಬಹುದು ಎಂಬ ಸುಳಿವು ಬಂದದ್ದೇ ಆ ‘ಏನೂ ಇಲ್ಲ’ದಿಂದ. ಜುಲೈ 17ರಂದು ಅರ್ಜೆಂಟೀನಾದಲ್ಲಿ ಐದು ಟೆಲಿಸ್ಕೋಪ್‌ಗಳಿಗೆ ನೆರಳು ಸಿಕ್ಕಿತು. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಹತ್ತಿರ ಹೋದಾಗ ಎರಡು ಉಂಡೆ ಅಂಟಿಕೊಂಡ ಆಕಾರವೇ ಕಂಡಿತು.

ಆದರೆ ‘ಆರಲಿಲ್ಲ’ ಅನ್ನುವುದಕ್ಕೂ ಬೆಲೆ ಬರಬೇಕಾದರೆ ಸಮಯ ಸರಿ ಇರಬೇಕು. ನೆರಳು ಸೆಕೆಂಡಿಗೆ 20-25 ಕಿ.ಮೀ. ಓಡುತ್ತದೆ. ಮೈಸೂರಿಂದ ಮಂಡ್ಯಕ್ಕೆ ಎರಡೇ ಸೆಕೆಂಡು! ನಾನೇ ಒಮ್ಮೆ ವಿ.ಸಿ. ನಾಲೆ ಪಕ್ಕದ ಕಬ್ಬಿನ ಗದ್ದೆ ಬದುವಿನಲ್ಲಿ ಕೂತು, ಮೂರು ಸೆಕೆಂಡು ಆರಿದ ನಕ್ಷತ್ರ ನೋಡಿ ಕುಣಿದಾಡಿದ್ದೆ. ನೀರು ಕಟ್ಟಲು ಬಂದಿದ್ದ ರೈತರೊಬ್ಬರು ‘ಏನ್ ಸಾ, ಏನಾಯ್ತು?’ ಅಂತ ಬ್ಯಾಟರಿ ಬಿಟ್ಟು ನೋಡಿದರು. ಮನೆಗೆ ಬಂದು ನೋಡಿದರೆ ಲ್ಯಾಪ್‌ಟಾಪ್ ಗಡಿಯಾರವೇ ತಪ್ಪು. ಎಷ್ಟು ತಪ್ಪು ಅಂತಲೂ ಗೊತ್ತಿಲ್ಲ. ಇಡೀ ರಾತ್ರಿ ನೀರುಪಾಲು. ಅಂದಿನಿಂದ ಜಿಪಿಎಸ್ ಸಮಯ ವಿಡಿಯೊ ಮೇಲೆ ಬೀಳದೆ ನಾನು ಕೂರುವುದೇ ಇಲ್ಲ.

ನಾಲೆ ಪಕ್ಕ ಇನ್ನೊಂದು ಕಾಟ, ಇಬ್ಬನಿ. ‘ನಕ್ಷತ್ರ ನಿಧಾನವಾಗಿ ಮಂಕಾಯ್ತು, ಕಾಯಕ್ಕೆ ವಾತಾವರಣ ಇರುವುದು ಪತ್ತೆ ಮಾಡಿದೆ’ ಅಂತ ಬರೆಯುವವರೇ, ಮೊದಲು ಗಾಜು ಒಣಗಿಸಿ. 1988ರಲ್ಲಿ ಪ್ಲೂಟೊಗೆ ವಾತಾವರಣ ಇದೆ ಎಂದು ಖಚಿತವಾದದ್ದು ನಕ್ಷತ್ರ ಹೀಗೆ ಮೆಲ್ಲಗೆ ಮಂಕಾದದ್ದರಿಂದಲೇ, ನಿಜ. ಆದರೆ ಅಲ್ಲಿ ನಕ್ಷತ್ರ ಮತ್ತೆ ಮೆಲ್ಲಗೆ ಬೆಳಗಿತು. ಇಬ್ಬನಿ ಹಿಡಿದ ಗಾಜು ಒರೆಸುವ ತನಕ ಬೆಳಗುವುದಿಲ್ಲ.

ರೆಕಾರ್ಡಿಂಗ್ ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಶುರುಮಾಡಿ, ಆಮೇಲೂ ಓಡಲು ಬಿಡಿ. 1977ರ ಮಾರ್ಚ್ 10ರಂದು ಯುರೇನಸ್ ನಕ್ಷತ್ರಕ್ಕೆ ಅಡ್ಡ ಬರುವ ಮೊದಲೇ ನಕ್ಷತ್ರ ಕ್ಷಣ ಕ್ಷಣ ಮಿಣುಕಿತು, ಆಮೇಲೂ ಮಿಣುಕಿತು. ಉಂಗುರ ಸಿಕ್ಕಿದ್ದು ಹಾಗೆ. ಆ ರಾತ್ರಿ ತಮಿಳುನಾಡಿನಲ್ಲಿರುವ ನಮ್ಮ ಕಾವಲೂರು ವೀಕ್ಷಣಾಲಯದ ಒಂದು ಮೀಟರ್ ಟೆಲಿಸ್ಕೋಪ್ ಕೂಡ ಆ ಮಿಣುಕನ್ನು ಹಿಡಿದಿತ್ತು.

ಪ್ರಶ್ನೆ: ಪ್ಲೂಟೊ ನನ್ನ ಜನ್ಮನಕ್ಷತ್ರ ಮುಚ್ಚಿದರೆ ದೋಷ ಅಂತ ಜ್ಯೋತಿಷಿಯೊಬ್ಬರು ಶಾಂತಿ ಮಾಡಿಸಲು ಹೇಳಿದ್ದಾರೆ.

ಉತ್ತರ: ಪ್ಲೂಟೊ ಸಾಮಾನ್ಯವಾಗಿ ಮುಚ್ಚುವುದು ಬರಿಗಣ್ಣಿಗೆ ಕಾಣದ ಮಸುಕು ನಕ್ಷತ್ರಗಳನ್ನು. ಆ ದುಡ್ಡಿಗೆ ಒಂದು ಗಟ್ಟಿ ಟ್ರೈಪಾಡ್ ಕೊಳ್ಳಿ.

ಪ್ರಶ್ನೆ: ಮೊಬೈಲ್ ಒಂದೇ ಸಾಕಾ?

ಉತ್ತರ: ಸಾಲದು.

ಪ್ರಶ್ನೆ: ದಸರಾ ಸಮಯದಲ್ಲಿ ಮೈಸೂರು ಅರಮನೆ ಹತ್ತಿರದ ನಮ್ಮ ತಾರಸಿಯಿಂದ ಪ್ರಯತ್ನಿಸಬಹುದಾ?

ಉತ್ತರ: ಆ ಹತ್ತು ದಿನ ದೀಪವನ್ನೇ ನೋಡಿ.